ಊರಿಗೊಂದು ಕಾರು

ನಮ್ಮನೆಯವರ ಪ್ರಕಾರ ರಾಬರ್ಟ್‌ಸನ್‌ಪೇಟೆ ಅಂದರೆ ಮಾರುತಿ. ಎಂಥ ಸಂದಿಗಾದರೂ ನುಗ್ಗುತ್ತದೆ, ನಾಲ್ವರ ಜಾಗದಲ್ಲಿ ಏಳು ಜನ ಕೂರುತ್ತಾರೆ, ಕೂತವರೆಲ್ಲ ಒಬ್ಬರ ಮೇಲೊಬ್ಬರು ಗೊಣಗುತ್ತಲೇ ಊರು ಸೇರುತ್ತಾರೆ. ಬಂಗಾರಪೇಟೆ ಸುಮೋ. ಮೇಲೆ ಲಗೇಜು, ಒಳಗೆ ಅವಸರ. ಎಲ್ಲರೂ ರೈಲು ಹಿಡಿಯುವವರೇ, ಅಲ್ಲೇ ಉಳಿಯುವ ಮನಸ್ಸು ಯಾರಿಗೂ ಇಲ್ಲ. ಚಾಂಪಿಯನ್ ರೀಫ್ಸ್ ಅಂಬಾಸಿಡರ್, ಒಳಗೆ ಕೂತರೆ ಸಾಕು, ಹಳೇ ಕಾಲದ ಮಾತು ತಾನಾಗಿಯೇ ಶುರುವಾಗುತ್ತದೆ. ನನ್ನ ತವರು ಬೂದಿಕೋಟೆಗೆ ಮಾತ್ರ ಗುಜರಿಗೆ ಹೋಗುವಂಥ ಜೀಪು ಕೊಟ್ಟಿದ್ದರು.

"ಆಲಿನ ಕ್ಯಾನು, ಮೇಕೆ, ಬೀಗರು ಎಲ್ಲಾನೂ ಒಂದೇ ಸಲ ಇಡಿಸ್ತದೆ. ಆದ್ರೆ ಇಂದ್ಗಡೆಯಿಂದ ಯಾರಾನ ತಳ್ಳಬೇಕು, ಇಲ್ದಿದ್ರೆ ಅಳ್ಳಾಡಲ್ಲ," ಅನ್ನುತ್ತಿದ್ದರು.

ಅವರು ಓಡಿಸುತ್ತಿದ್ದ ಗಾಡಿಯಲ್ಲಿದ್ದವರು ನಗುತ್ತಿದ್ದರು. ನಾನು ಕಿಟಕಿಯಾಚೆ ನೋಡುತ್ತಾ ತುಟಿ ಕಚ್ಚಿಕೊಂಡು ಕೂರುತ್ತಿದ್ದೆ, ಯಾಕೆಂದರೆ ಆ ಗಾಡಿಯಲ್ಲಿ ನಾನು ಅವರ ಹೆಂಡತಿಯಲ್ಲ, ಪ್ಯಾಸೆಂಜರ್.

ಇದೊಂದು ಕಸುಬಿನ ಗುಟ್ಟು. ಚಿನ್ನದ ಗಣಿಯ ಊರುಗಳಿಗೆ ಹೋಗುವ ಮಾರಿಕುಪ್ಪಂ ರೈಲು ತಪ್ಪಿದವರು ಬಂಗಾರಪೇಟೆ ಸ್ಟೇಷನ್ನಿನ ಹೊರಗೆ ಶೇರ್ ಗಾಡಿಗಳ ಸ್ಟ್ಯಾಂಡಿಗೆ ಬರುತ್ತಾರೆ. ನಮ್ಮ ಜನ ಖಾಲಿ ಗಾಡಿ ಹತ್ತುವುದಿಲ್ಲ. ಅದು ಯಾವಾಗ ತುಂಬೀತು, ಯಾವಾಗ ಹೊರಟೀತು ಎಂಬ ಅನುಮಾನ. ಒಬ್ಬರು ಕೂತಿದ್ದರೆ ಇನ್ನೊಬ್ಬರು ಕೂರುತ್ತಾರೆ. ಹಾಗಾಗಿ ಪ್ರತಿ ಡ್ರೈವರೂ ತನ್ನ ಕಡೆಯವರೊಬ್ಬರನ್ನು ಮೊದಲು ಕೂರಿಸುತ್ತಾನೆ. ನಮ್ಮ ಓಮ್ನಿಗೆ ನಾನೇ. ಸೀರೆ ಅಂಗಡಿಯ ಕೆಲಸ ಮುಗಿಸಿ ಸಂಜೆ ಸ್ಟ್ಯಾಂಡಿಗೆ ಬಂದರೆ ಅವರು ಗಂಭೀರವಾಗಿ ಕೇಳುತ್ತಿದ್ದರು, "ಎಲ್ಲಿಗಮ್ಮಾ?"

"ಊರಿಗಾಂಗೆ. ಬೇಗ ಬಿಡಪ್ಪ, ಒತ್ತಾಯ್ತು."

ದಿನಾ ಓಡಾಡುವವರಿಗೆ ನಮ್ಮ ನಾಟಕ ಗೊತ್ತಿತ್ತು, ಅವರೂ ಬಾಯಿ ಬಿಡುತ್ತಿರಲಿಲ್ಲ. ಮನೆಯಲ್ಲಿ ಅತ್ತೆಯ ಎದುರು ಗಂಡನಿಗೆ 'ಬಿಡಪ್ಪ' ಅನ್ನಲು ಆಗುತ್ತದೆಯೇ? ಹತ್ತು ಜನರ ಎದುರು ಅನ್ನುವುದರಲ್ಲಿ ನನಗೆ ಎಂಥದೋ ಖುಷಿ.

ಎಲ್ಲರೂ ಇಳಿದ ಮೇಲೆ, ನಾವಿಬ್ಬರೇ ಉಳಿದಾಗ, ನಾವಿರುವ ಊರಿಗಾಂನ ಸರದಿ. "ಇದು ಫಿಯಟ್ಟು ಕಣೇ. ಚಕ್ರ ಬಿಚ್ಚಿ ಕಲ್ಲಿನ ಮೇಲೆ ನಿಲ್ಸವ್ರೆ. ಓಡ್ಸಾಕಿಲ್ಲ, ಮಾರಾಕಿಲ್ಲ, ದಿನಾ ಒರ್ಸೋದು ಮಾತ್ರ ತಪ್ಪಲ್ಲ." ಸುಳ್ಳಲ್ಲ. ಗಣಿ ಮುಚ್ಚಿ ಎಷ್ಟೋ ವರ್ಷವಾಯಿತು. ನೆಲದಡಿ ಮದ್ದು ಸಿಡಿಸುತ್ತಿದ್ದ ಹೊತ್ತಿಗೆ ನಮ್ಮತ್ತೆ ಈಗಲೂ ಅಡುಗೆಮನೆಗೆ ಹೋಗಿ ಪಾತ್ರೆಗಳ ಹಲಗೆಗೆ ಕೈ ಒತ್ತಿ ನಿಲ್ಲುತ್ತಾರೆ. ಆಗ ಮನೆಯೆಲ್ಲ ನಡುಗಿ ಲೋಟಗಳು ಉರುಳುತ್ತಿದ್ದವಂತೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಮುಸಿಮುಸಿ ನಗುತ್ತಿದ್ದೆ. ಈಗ ನಗು ಬರುವುದಿಲ್ಲ.

ಹೋದ ಮಾವಿನ ಕಾಲದಲ್ಲಿ ಒಂದು ಸಂಜೆ ಗಾಡಿ ಭರ್ತಿಯಾಗಿತ್ತು. ಅವರು ಕೀ ತಿರುಗಿಸಿದರು, ಇಂಜಿನ್ ಶುರುವಾಯಿತು, ತಲೆಯನ್ನು ಸ್ಟೀರಿಂಗಿಗೆ ಆನಿಸಿದರು. ಕಾಲ ಬಳಿ ಏನೋ ಬಿದ್ದಿರಬೇಕು, ಹುಡುಕುತ್ತಿದ್ದಾರೆ ಅಂದುಕೊಂಡೆ. ಹಿಂದಿನಿಂದ ಪ್ಯಾಸೆಂಜರ್ ದನಿಯಲ್ಲೇ ಅಂದೆ, "ಬಿಡಪ್ಪ, ಎಷ್ಟೊತ್ತು?" ನಾನು ಅವರಿಗೆ ಆಡಿದ ಕೊನೆಯ ಮಾತು ಅದು. ಗುರುತಿಲ್ಲದವಳ ಹಾಗೆ ಮಾತಾಡಿಸಿ ಕಳಿಸಿದೆನಲ್ಲ.

ಲಾರಿ ಓಡಿಸುತ್ತಿದ್ದ ಮೈದುನ ಓಮ್ನಿಗೆ ಬಂದ. ಜನ ಹತ್ತಲಿಲ್ಲ. ಸ್ಟೀರಿಂಗಿನ ಮೇಲೇ ಪ್ರಾಣ ಹೋದ ಗಾಡಿ, ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತು. ಒಬ್ಬ ಅಜ್ಜಿ "ಅಂದ ವಂಡಿ ವೇಂಡಾಂ," ಆ ಗಾಡಿ ಬೇಡ, ಅಂತ ಮಗಳ ಕೈ ಹಿಡಿದು ಎಳೆದುಕೊಂಡೇ ಹೋದಳಂತೆ. ಮೊದಲು ಕೂರಲು ಕರೆದರೆ ಸ್ನೇಹಿತರೂ ಬರಲಿಲ್ಲ. ಕಾಮಸಮುದ್ರದ ಕಡೆಯವನೊಬ್ಬ ಕೊಳ್ಳುತ್ತೇನೆ ಎಂದು ಬಂದು ನೋಡಿಕೊಂಡು ಹೋದ.

ಮನೆಯಲ್ಲಿ ಅವರ ಅಂಗಿಯಿತ್ತು, ಫೋಟೋ ಇತ್ತು. ಅವೆರಡೂ ಸುಮ್ಮನಿದ್ದವು. ಅವರ ಮಾತು ಇದ್ದದ್ದು ಆ ಗಾಡಿಯೊಳಗೆ, ಅದೂ ಹೋದರೆ ನಾನು ಎಲ್ಲಿಗೆ ಹೋಗಿ ಕೇಳಲಿ?

ಮೈದುನ ಒಂದು ಬೆಳಿಗ್ಗೆ ತಲೆ ತಗ್ಗಿಸಿಕೊಂಡು ಬಂದ. "ಅತ್ತಿಗೆ, ಇವತ್ತೊಂದಿನ ನೀವು ಬಂದು ಕೂತ್ಕಳಿ. ಅಣ್ಣನ ಎಂಡ್ತಿನೇ ಕೂತವ್ರೆ ಅಂದ್ರೆ ಜನಕ್ಕೆ ಧೈರ್ಯ ಬತ್ತದೆ. ಇವತ್ತೂ ತುಂಬ್ಲಿಲ್ಲ ಅಂದ್ರೆ ನಾಳೆ ಕೊಟ್ಬಿಡಾಣ."

ಸಂಜೆ ಹೋದೆ. ಅದೇ ಕಿಟಕಿ, ಅದೇ ಸೀಟು. ಎಲ್ಲಿಗಮ್ಮಾ ಅಂತ ಅವನು ಕೇಳಲಿಲ್ಲ, ಕೇಳಿದ್ದರೆ ಇಳಿದುಬಿಡುತ್ತಿದ್ದೆನೇನೋ. ಮಾರಿಕುಪ್ಪಂ ರೈಲು ಹೊರಟು ಹೋಯಿತು. ಇಬ್ಬರು ಬಂದು ಒಳಗೆ ಇಣುಕಿ ಮುಂದಿನ ಗಾಡಿಗೆ ಹೋದರು. ಆಮೇಲೆ ದಿನಾ ಬರುತ್ತಿದ್ದ ಹೂವಿನ ಹೆಂಗಸು ಬಂದು ನನ್ನ ಮುಖ ನೋಡಿದಳು. "ಜರುಗಮ್ಮ," ಅಂದು ಬುಟ್ಟಿ ಒಳಗಿಟ್ಟು ಹತ್ತಿದಳು. ಅವಳ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ಓಮ್ನಿ ತುಂಬಿತು.

ಗಾಡಿ ಊರು ದಾಟಿದ ಮೇಲೆಯೇ ನಾನು ಮುಂದೆ ನೋಡಿದ್ದು. ಅಣ್ಣತಮ್ಮಂದಿರ ಮುಖಕ್ಕೆ ಹೋಲಿಕೆಯೇ ಇಲ್ಲ. ಆದರೆ ಹಿಂದಿನಿಂದ ಕಾಣುವ ಕತ್ತು ಒಂದೇ. ಅದೇ ಸುಳಿ, ಹೊರಗೆ ಚಾಚಿದ ಅದೇ ಕಿವಿ, ತಿರುವಿನಲ್ಲಿ ಎಡಗೈಯಿಂದ ಕತ್ತು ಉಜ್ಜಿಕೊಳ್ಳುವ ಅದೇ ಚಾಳಿ. ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಬಿಳಿ ಧೂಳು ಎದ್ದಾಗ ಅವರ ಹಾಗೆಯೇ ಬಾಗಿ ಗಾಜು ಏರಿಸಿದ. ರಾಬರ್ಟ್‌ಸನ್‌ಪೇಟೆಯ ದೀಪಗಳು ಕಂಡಾಗ ನಾನು ಕಾದೆ, ಈಗ ಮಾರುತಿ ಅನ್ನುತ್ತಾರೆ, ಈಗ ಎಲ್ಲರೂ ನಗುತ್ತಾರೆ ಎಂದು. ಯಾರೂ ಏನೂ ಅನ್ನಲಿಲ್ಲ. ಆದರೂ ನಾನು ಕೇಳಿಸಿಕೊಂಡೆ. ಹುಚ್ಚು ಅಂದರೆ ಅನ್ನಲಿ.

ಒಬ್ಬೊಬ್ಬರೇ ಇಳಿದರು. ಹೂವಿನವಳೂ ಇಳಿದಳು. ಊರಿಗಾಂನ ಗಣಿ ಕಾರ್ಮಿಕರ ಲೈನ್ ಮನೆಗಳ ಮುಂದೆ ಗಾಡಿ ನಿಂತಿತು. ಕತ್ತಲಾಗಿತ್ತು, ಮುಂದೆ ಆ ಕತ್ತು ಮಾತ್ರ ಕಾಣುತ್ತಿತ್ತು.

"ಗಾಡಿ ಉಳ್ಕಂತು ಅತ್ತಿಗೆ," ಅಂದ ಮೈದುನ. "ಇನ್ ಮಾರದು ಬ್ಯಾಡ. ಇಳೀರಿ, ಮನೆ ಬಂತು." ಹೇಳುತ್ತಾ ಹಿಂದಕ್ಕೆ ಹೊರಳಿದ. ಮನೆಯೊಂದರ ಬೆಳಕಿಗೆ ಕೆನ್ನೆಯ ಒಂದು ಅಂಚು ಕಂಡಿತು, ಯಾರದೋ ಎಳೆಯ ಕೆನ್ನೆ.

"ತಿರುಗ್ಬ್ಯಾಡ ಕಣಪ್ಪ," ಅಂದೆ. "ಮುಂದಕ್ಕೆ ನೋಡ್ಕಂಡು ಇನ್ನೊಂದು ಟ್ರಿಪ್ ಒಡಿ. ನಾನು ಇಲ್ಲೇ ಕೂತಿರ್ತೀನಿ."

ಅವನು ಅರ್ಧಕ್ಕೇ ನಿಂತ. ಆಮೇಲೆ ಮುಂದಕ್ಕೆ ತಿರುಗಿ ಗೇರ್ ಹಾಕಿದ.