ಕ್ಯಾಮೆರಾದ ಹಣೆಯ ಮೇಲಿನ ಹೆಸರು

ಸ್ಯಾನ್ ಡಿಯಾಗೊ ಪಕ್ಕದ ಡೆಲ್ ಮಾರ್‌ನ ಶ್ರೀಪತಿ ಅಂಕಲ್ ಮನೆಯ ದಸರಾ ಗೊಂಬೆಗಳ ಸಾಲಿನಲ್ಲಿ, ಪಟ್ಟದ ಗೊಂಬೆಗಳ ಮಗ್ಗುಲಲ್ಲೇ, ಒಂದು ಹಳೆಯ ಜಪಾನಿ ಕ್ಯಾಮೆರಾ ಕೂರುತ್ತದೆ. ಅವರು ಈ ದೇಶಕ್ಕೆ ಬಂದ ಹೊಸದರಲ್ಲಿ ಯಾರಿಂದಲೋ ಕೊಂಡದ್ದು. ಅದರ ಹಣೆಯ ಮೇಲೆ ಕೆತ್ತಿದ ಹೆಸರನ್ನು ತೋರಿಸಿ, ಜಪಾನಿನ ದೊಡ್ಡ ಕಂಪನಿ ಎಂದು ಬಂದವರಿಗೆಲ್ಲ ಹೇಳುವುದು ಹಬ್ಬದ ಒಂದು ವಿಧಿಯೇ ಆಗಿಬಿಟ್ಟಿತ್ತು. ಹೋದ ವರ್ಷ, ಕ್ಯಾಮೆರಾದ ಮುಂದೆ ಇಡಲು ಅದರ ಚರಿತ್ರೆಯನ್ನು ಒಂದು ಕಾರ್ಡಿನಲ್ಲಿ ಬರೆದುಕೊಡು ಎಂದು ನನ್ನನ್ನು ಕೇಳಿದರು. ಲಾಸ್ ಏಂಜಲೀಸ್ ಪಕ್ಕದ ಬರ್ಬ್ಯಾಂಕ್‌ನಲ್ಲಿ ಹಳೆಯ ಛಾಯಾಚಿತ್ರಗಳನ್ನು ವಿಂಗಡಿಸಿ ಕಾಪಿಡುವ ಕೆಲಸ ನನ್ನದು, ಒಪ್ಪಿಕೊಂಡೆ.

ಹುಡುಕಿದಷ್ಟೂ ಆ ಹೆಸರು ಜಪಾನಿನಿಂದ ದೂರ ಸರಿಯಿತು. ಕೊನೆಗೆ ಹಳೆಯ ಪತ್ರಿಕೆಯೊಂದರ ಜಾಹೀರಾತಿನಲ್ಲಿ ಸಿಕ್ಕಿತು: ಅದು ತಯಾರಿಸಿದವರದ್ದಲ್ಲ, ಲಾಸ್ ಏಂಜಲೀಸಿನ ಒಬ್ಬ ವಿತರಕನದ್ದು. ಮಹಾಯುದ್ಧ ಮುಗಿದ ಮೇಲೆ, ಜಪಾನಿನ ಸಣ್ಣ ಕಾರ್ಖಾನೆಗಳನ್ನು ಇಲ್ಲಿ ಯಾರೂ ನಂಬದಿದ್ದ ಕಾಲದಲ್ಲಿ, ಹಡಗಿನಲ್ಲಿ ಬಂದ ಕ್ಯಾಮೆರಾಗಳಿಗೆ ತನ್ನ ಹೆಸರನ್ನೇ ಕೊಟ್ಟು, ಕೆಟ್ಟರೆ ನಾನಿದ್ದೇನೆ ಎಂದು ಅಂಗಡಿಯಿಂದ ಅಂಗಡಿಗೆ ಅಲೆದವನು. ಕಾರ್ಖಾನೆಗಳು ಬೆಳೆದು ಇಲ್ಲಿ ತಮ್ಮದೇ ಕಚೇರಿ ತೆರೆದಾಗ, ಸಂಬಂಧ ಕುದುರಿಸಿದವನು ಮದುವೆಯ ದಿನ ಚಪ್ಪರದ ಅಂಚಿಗೆ ಸರಿದು ನಿಲ್ಲುವಂತೆ, ಮೆಲ್ಲಗೆ ಮರೆಯಾದ. ನನಗೆ ಅವನ ಮೇಲೆ ಪ್ರೀತಿಯೇ ಹುಟ್ಟಿತು. ಆದರೆ ಸುಳ್ಳು ಬರೆಯಲಾರೆ. ನಿಜ ಬರೆದರೆ ಅಂಕಲ್ ಅವರ ಇಷ್ಟು ವರ್ಷಗಳ ಹೆಮ್ಮೆಯನ್ನು ಅತಿಥಿಗಳೆದುರೇ ಒರೆಸಿದಂತೆ. ಹಬ್ಬಕ್ಕೆಂದು ಡೆಲ್ ಮಾರ್‌ಗೆ ಹೊರಟಾಗ, ಸಮುದ್ರದ ಪಕ್ಕದ ದಾರಿಯುದ್ದಕ್ಕೂ ಖಾಲಿ ಕಾರ್ಡು ಪಕ್ಕದ ಸೀಟಿನಲ್ಲಿ ನನ್ನೊಡನೆ ಪ್ರಯಾಣಿಸಿತು.

ಅವರ ಅಡುಗೆಮನೆಯಲ್ಲಿ ಹೇಳಿಬಿಟ್ಟೆ. ಅಂಕಲ್ ಕ್ಯಾಮೆರಾವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಅಂದ್ರೆ ಇದು ಮಾರಿದವನ ಹೆಸರಾ? ಇಷ್ಟು ವರ್ಷ ನಾನು ಎಲ್ಲರಿಗೂ ಸುಳ್ಳು ಹೇಳ್ಕೊಂಡು ಬಂದ್ನಾ?"

ಶಾರದಾ ಆಂಟಿ ಹುಳಿಪುಡಿಯ ಬಾಟಲಿಗಳಿಗೆ ಮುಚ್ಚಳ ಹಾಕುತ್ತಿದ್ದರು. ಸ್ಯಾನ್ ಡಿಯಾಗೊದ ಕನ್ನಡದ ಮನೆಗಳಲ್ಲೆಲ್ಲ ಅದು 'ಶಾರದಾ ಆಂಟಿ ಪುಡಿ'.

"ರೀ, ಈ ಪುಡಿ ಹುರಿದು ಬೀಸೋದು ಯಾರು? ಮೈಸೂರಲ್ಲಿ ನಮ್ಮಕ್ಕ. ಇಲ್ಲಿ ಎಲ್ಲರ ಬಾಯಲ್ಲೂ ನನ್ನ ಹೆಸರು. ಯಾವತ್ತಾದ್ರೂ ನಿಮಗೆ ಸುಳ್ಳು ಅನ್ನಿಸ್ತಾ?"

ಅಂಕಲ್ ಒಂದು ಬಾಟಲಿಯನ್ನು ಕೈಗೆತ್ತಿಕೊಂಡರು. "ಖಾರ ಜಾಸ್ತಿ ಆದ್ರೆ ಫೋನ್ ಬರೋದು ನಿನಗೇ."

"ಮತ್ತೆ? ಬೈಸ್ಕೊಳ್ಳೋಳು ನಾನು, ಹೆಸರೂ ನಂದೇ."

"ನಿಜಾನೇ ಬರಿಯಮ್ಮ," ಎಂದರು ಅಂಕಲ್ ನನ್ನ ಕಡೆ ತಿರುಗಿ.

ನಿಮ್ಮ ಮನೆಯಲ್ಲೂ ಹುಡುಕಿ ನೋಡಿ, ಮಾಡಿದ ಕೈಯಿಂದ ನಿಮ್ಮ ಕೈಗೆ ದಾಟಿಸಿದ ಮೂರನೆಯ ಕೈಯೊಂದು ಎಲ್ಲ ವಸ್ತುವಿನ ಹಿಂದೆಯೂ ಇರುತ್ತದೆ. ಹೆಸರು ಕೊಡುವುದೆಂದರೆ ಹೊಣೆ ಹೊರುವುದು ಎಂದು ಅದಕ್ಕೆ ಗೊತ್ತಿರುತ್ತದೆ. ಕಾರ್ಡಿನಲ್ಲಿ ನಾನು ಬರೆದದ್ದು ಇಷ್ಟೇ: ಮಾಡಿದವರು ಜಪಾನಿನವರು, ನಂಬಿ ತಂದವನು ಲಾಸ್ ಏಂಜಲೀಸಿನವನು.

ಸಂಜೆ ಆರತಿಯ ಹೊತ್ತಿಗೆ ನೋಡಿದರೆ, ಪಟ್ಟದ ಗೊಂಬೆಗಳ ಮಗ್ಗುಲಲ್ಲಿ, ಕ್ಯಾಮೆರಾಕ್ಕೆ ಒತ್ತಿಕೊಂಡಂತೆ, ಅಂಕಲ್ ಒಂದು ಬಾಟಲಿ ಹುಳಿಪುಡಿಯನ್ನೂ ಕೂರಿಸಿದ್ದರು.