ಹದಿಮೂರನೆಯ ಹುಕುಂ

ಬೆಳಿಗ್ಗೆ ಏಳೂವರೆಗೆ ಬೈಲಹೊಂಗಲದಲ್ಲಿ ಸವದತ್ತಿ ಬಸ್ಸು ಹತ್ತಿದೆ. ಚೀಲದಲ್ಲಿ ಅರ್ಧ ಕಿಲೋ ಪೇಢೆ, ಒಂದು ಕಟ್ಟು ಇಸ್ಪೀಟೆಲೆ. ಹೋಗಬೇಕಾದದ್ದು ರಾಮದುರ್ಗಕ್ಕೆ, ಕಮಲಕ್ಕನ ಮನೆಗೆ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದ ನಾನು ಹದಿಮೂರರವರೆಗೆ ಎಣಿಸುವುದರಲ್ಲಿ ತಪ್ಪಿದ್ದೆ. ಅದನ್ನು ಒಪ್ಪಿಕೊಂಡು ಬರಲು ಹೊರಟಿದ್ದೆ.

ನಮ್ಮ ಕ್ಲಬ್ಬಿನಲ್ಲಿ ತಿಂಗಳಿಗೊಮ್ಮೆ ಬ್ರಿಜ್ ಇಸ್ಪೀಟಾಟದ ಪಂದ್ಯ ನಡೆಯುತ್ತದೆ. ನಿವೃತ್ತ ನರ್ಸ್ ಕಮಲಕ್ಕ ಆ ಆಟ ಕಲಿತದ್ದು ನನ್ನಿಂದಲೇ. ನಾಲ್ಕು ತಿಂಗಳ ಹಿಂದೆ ಅವರು ಸವದತ್ತಿಯ ಗುರುನಾಥರನ್ನು ಜೊತೆಗಾರರಾಗಿ ಮಾಡಿಕೊಂಡು ನನ್ನ ವಿರುದ್ಧ ಕೂತಿದ್ದರು. ನನಗೆ ಗೆಲ್ಲಲು ಒಂದೇ ದಾರಿಯಿತ್ತು. ಕಮಲಕ್ಕನ ಕೈಯಿಂದ ಅಪಾಯವಿಲ್ಲದ ಎಲೆಗಳನ್ನೆಲ್ಲ ಮೊದಲೇ ಖಾಲಿ ಮಾಡಿಸಿ, ಕೊನೆಗೆ ಒಂದು ಸುತ್ತಿನ ಪಟ್ಟನ್ನು ಬೇಕೆಂದೇ ಅವರಿಗೆ ಬಿಟ್ಟುಕೊಡುವುದು. ಪಟ್ಟು ಗೆದ್ದವರೇ ಮುಂದಿನ ಸುತ್ತಿನ ಮೊದಲ ಎಲೆ ಎಸೆಯುವುದರಿಂದ ಆಗ ಅವರೇ ಆಟೀನು ಎಸೆಯಬೇಕು, ಅವರ ರಾಜ ನನ್ನ ಎಕ್ಕಾ ಮತ್ತು ರಾಣಿಯ ನಡುವೆ ಸಿಕ್ಕಿಬೀಳಬೇಕು. ಅವರು ಕಳಾವರ ಎಕ್ಕಾದಿಂದ ಆ ಪಟ್ಟು ಗೆದ್ದದ್ದೇ ತಡ, ನಾನು ನನ್ನ ಎಲೆಗಳನ್ನು ಮೇಜಿನ ಮೇಲೆ ತೆರೆದಿಟ್ಟು, "ಅಕ್ಕಾರ, ಇನ್ನ ಏನ ಒಗದ್ರೂ ನಂದರಿ" ಎಂದೆ. ಅವರು ಏನೋ ಅಂದರು. ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಆಮೇಲೆ ಎಲೆ ಮುಚ್ಚಿಟ್ಟರು, ಆಟ ನನ್ನದಾಯಿತು.

ಗುರುನಾಥರು ಎಲ್ಲರೆದುರು ಅವರನ್ನು ಬೈದರು: ಕಳಾವರ ಎಕ್ಕಾ ಮೊದಲೇ ಒಗೆದು ಕೈ ತೊಳೆದುಕೊಂಡಿದ್ದರೆ ಈ ಬಲೆಗೆ ಬೀಳುತ್ತಿರಲಿಲ್ಲವಂತೆ. ಅಂದಿನಿಂದ ಕಮಲಕ್ಕ ಕ್ಲಬ್ಬಿಗೆ ಬಂದಿಲ್ಲ. ನಾನಾದರೋ ನನ್ನ ಜಾಣತನವನ್ನು ಒಂದು ಹಾಳೆಯಲ್ಲಿ ಬರೆದು ಕ್ಲಬ್ಬಿನ ಗೋಡೆಗೆ ಅಂಟಿಸಿದೆ. ಹೋದ ವಾರ ಹೊಸಬರಿಗೆ ತೋರಿಸೋಣವೆಂದು, ಅಂದಿನ ಎಲೆಗಳ ಚೀಟಿ ನೋಡುತ್ತ ಇಡೀ ಆಟವನ್ನು ಜಮಖಾನೆಯ ಮೇಲೆ ಹರಡಿದೆ. ಹುಕುಂ ಎಂದರೆ ಉಳಿದ ಜಾತಿಗಳನ್ನೆಲ್ಲ ಹೊಡೆಯುವ ಜಾತಿ, ಹದಿಮೂರು ಎಲೆ. ಆಡಿ ಮುಗಿದಿದ್ದವೂ ನನ್ನ ಮತ್ತು ನನ್ನ ಜೊತೆಗಾರನ ಕೈಯಲ್ಲಿ ಉಳಿದಿದ್ದವೂ ಸೇರಿ ಹನ್ನೆರಡೇ. ಹದಿಮೂರನೆಯದು, ಎಲ್ಲಕ್ಕಿಂತ ಚಿಕ್ಕ ಎಲೆಯಾದ ಹುಕುಂ ಎರಡು, ಕಮಲಕ್ಕನ ಕೈಯಲ್ಲಿತ್ತು. ಅದನ್ನೊಂದು ಎಸೆದಿದ್ದರೆ ಅವರು ಪಾರು, ಆಟೀನು ನಾನೇ ಆಡಿ ಸೋಲಬೇಕಿತ್ತು.

ಮುನವಳ್ಳಿ ದಾಟಿದ ಮೇಲೆ ಬಸ್ಸಿನಲ್ಲಿ ಹಣೆಗೆ ಭಂಡಾರ ಹಚ್ಚಿಕೊಂಡ ಹೆಣ್ಣುಮಕ್ಕಳೇ ತುಂಬಿಕೊಂಡರು. ಅವರಿಗೆ ಟಿಕೆಟ್ ಪುಕ್ಕಟೆ, ಸೀಟು ಮಾತ್ರ ಇಲ್ಲ. ನಾನೂ ಎದ್ದು ನಿಂತು ಸವದತ್ತಿ ಮುಟ್ಟಿದೆ. ನಿಲ್ದಾಣದ ಎದುರು ಮಿರ್ಚಿ ಭಜಿ ತಿನ್ನುತ್ತ ಗುರುನಾಥರೇ ಸಿಕ್ಕರು. ಚಹಾ ಹೇಳಿದರು. "ಆಕಿ ಎಕ್ಕಾ ಇಟಗೊಂಡ ಕುಂತಳ್ರಿ ಮಾಸ್ತರ, ಇಲ್ಲಂದ್ರ ನೀವ ಹೆಂಗ ಗೆಲ್ತಿದ್ರಿ?" ಎಂದರು. ಹೇಳಿಬಿಡಬಹುದಿತ್ತು. ನಾನು ಭಜಿ ಖಾರವಾಗಿದೆ ಎಂದು ನೀರು ಕುಡಿದೆ.

ಸಿರಸಂಗಿಯ ಮೇಲೆ ಹಾದು ರಾಮದುರ್ಗ ಸೇರಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಕಮಲಕ್ಕ ಬಾಗಿಲು ತೆರೆದು, "ಬರ್ರಿ ಮಾಸ್ತರ, ಕುಂದರ್ರಿ" ಎಂದರು. ಪೇಢೆ ಕೊಟ್ಟೆ. ಕೂತವನೇ, ನೆಲ ನೋಡುತ್ತ, ಎಲ್ಲವನ್ನೂ ಹೇಳಿದೆ. ಅವರು ಪೇಢೆಯ ಪೊಟ್ಟಣವನ್ನು ಪಕ್ಕಕ್ಕಿಟ್ಟರು.

"ಆ ಹುಕುಂ ಎರಡು ನನ್ನ ಕೈಯಾಗ ಕಂಡಿತ್ರಿ," ಎಂದರು ಆಮೇಲೆ. "ಆದ್ರ ನೀವು ಲೆಕ್ಕಾ ತಪ್ಪೋರಲ್ಲ. ಹಿಂದ ಹುಕುಂ ಹಾಕಬೇಕಾದಾಗ ನಾನ ಬ್ಯಾರೆ ಎಲಿ ಹಾಕೇನಿ, ಕಳ್ಳಾಟ ಆಗೇತಿ ಅಂತ ತಿಳದೆ. ಅದಕ್ಕ ಸುಮ್ನ ಎಲಿ ಮುಚ್ಚಿಟ್ಟೆ. ಮತ್ತ ಯಾವ ಮಾರಿ ಹೊತಗೊಂಡ ಕ್ಲಬ್ಬಿಗೆ ಬರಬೇಕಿತ್ತು?"

ಅವರು ಬೈಗುಳಕ್ಕೆ ಬೇಸತ್ತು ಬಿಟ್ಟಿದ್ದಾರೆಂದು ನಾನು ತಿಳಿದಿದ್ದೆ. ಅವರೋ ನನ್ನ ತಪ್ಪನ್ನು ತಮ್ಮ ಕಳ್ಳಾಟವೆಂದುಕೊಂಡು ನಾಲ್ಕು ತಿಂಗಳು ನಾಚಿಕೊಂಡಿದ್ದರು.

"ಗುರುನಾಥರಿಗೆ ಹೇಳೀರೇನ್ರಿ?"

"ಇಲ್ಲ."

"ಸವದತ್ತಿ ಮ್ಯಾಲೆನ ಬಂದ್ರಿ, ಹೌದಿಲ್ಲೊ?"

ಅವರು ಗುರುನಾಥರಿಗೆ ಫೋನು ಹಚ್ಚಿ ನನ್ನ ಮುಂದಿಟ್ಟರು. ಇನ್ನೊಮ್ಮೆ ಎಲ್ಲ ಹೇಳಿದೆ. ಗುರುನಾಥರು, "ಅಕ್ಕಾರ, ನಂದೂ ತಪ್ಪಾತ್ರಿ. ಮುಂದಿನ ತಿಂಗಳ ಬರ್ರಿ" ಎಂದರು.

ರೊಟ್ಟಿ, ಝುಣಕ ಉಂಡ ಮೇಲೆ ಕಮಲಕ್ಕ ಚಾಪೆ ಹಾಸಿ ಆ ಆಟದ ಕೊನೆಯ ಎಲೆಗಳನ್ನು ಹರಡಿಸಿದರು. ಹುಕುಂ ಎರಡನ್ನು ನಿಧಾನವಾಗಿ ನನ್ನ ಮುಂದೆ ಇಟ್ಟರು. ನಾನು ಒಂದು ಪಟ್ಟಿನಿಂದ ಸೋತೆ. "ಕ್ಲಬ್ಬಿಗೆ ಬರ್ತೇನಿ. ಆದ್ರ ಇನ್ನ ಮ್ಯಾಲೆ ನಾ ಎಣಿಸಿದ ಮ್ಯಾಲೆನ ಒಪ್ಪಾಕಿ" ಎಂದರು.

ಮೂರು ಗಂಟೆಯ ಬಸ್ಸಿಗೆ ಕಳಿಸಲು ನಿಲ್ದಾಣದವರೆಗೂ ಬಂದರು. ಕಿಟಕಿಯ ಕೆಳಗೆ ನಿಂತು, "ಒಂದ ಮಾತ ಕೇಳ್ತೇನಿ ಮಾಸ್ತರ. ಆವತ್ತ ನಾ 'ತಡೀರಿ' ಅಂದಿದ್ದೆ. ನಿಮಗ ಕೇಳಿಸಿದ್ದಿಲ್ಲೇನು?" ಎಂದರು.

ಗದ್ದಲವಿತ್ತು ಎಂದು ನಿಮಗೂ ಮೇಲೆ ಬರೆದಿದ್ದೇನೆ. ಬ್ರಿಜ್ ಆಡುವ ಕೋಣೆಯಲ್ಲಿ ಗದ್ದಲ ಎಲ್ಲಿಯದು? ನಾನೇ ಕಲಿಸಿದವರು, ಇವರಿಗೇನು ಹೇಳಲು ಇದ್ದೀತು ಎಂದುಕೊಂಡಿದ್ದೆ.

"ಕೇಳಿಸಿತ್ರಿ ಅಕ್ಕಾರ" ಎಂದೆ.

ಬಸ್ಸು ಹೊರಟಿತು. ತಿರುಗಿ ನೋಡಿದೆ. ಅವರು ಅಲ್ಲೇ ನಿಂತಿದ್ದರು, ಕೈ ಎತ್ತಲಿಲ್ಲ.