ಉಪದೇಶಿಗಳ ಉದ್ದನೆಯ ಪ್ರಾರ್ಥನೆ

ಪೆಟ್ರೋಲಿಲ್ಲದ ಯುದ್ಧಕಾಲದ ಇದ್ದಿಲು ಬಸ್ಸು ದಾರಿಯಲ್ಲೇ ಕೆಟ್ಟು ನಿಲ್ಲಬಹುದಿತ್ತು. ಜಡಿಗೇನಹಳ್ಳಿಯ ಗಂಡಿನವರು ನಮ್ಮ ಹೆಂಚಿನ ಮನೆ ನೋಡಿ ಮೂಗು ಮುರಿಯಬಹುದಿತ್ತು. ಮಗಳು ಸೀನಬಹುದಿತ್ತು. ಹೀಗೆಲ್ಲ ನೆನೆದು ನಾನು ಬೆವರುತ್ತಿದ್ದರೆ, ನಮ್ಮ ಚರ್ಚಿನ ಉಪದೇಶಿಗಳು ಕೊಡೆಯ ಹಿಡಿಗೆ ಗದ್ದ ಊರಿ, "ಮೊದಲು ವಿವೇಕ ಕೇಳೋಣ" ಎಂದರು. ಬದನೆಕಾಯಿ ಕೊಳ್ಳುವಾಗಲೂ ಅವರದು ಅದೇ ಮಾತು.

ಆ ಬುಧವಾರ ಮಾತುಕತೆ ಕುದುರಿತು. ತಾಂಬೂಲದ ತಟ್ಟೆ ಚಾಚಿದೆ. ಹುಡುಗನ ತಂದೆ ಕೈ ಹಿಂದಕ್ಕೆಳೆದುಕೊಂಡರು.

"ರಾಹುಕಾಲ ಕಣ್ರೀ. ಒಂದೂವರೆ ಆಗ್ಲಿ."

ನನ್ನ ಭಾವಮೈದ ಎದ್ದೇಬಿಟ್ಟ. "ಯೇಸುಸ್ವಾಮಿ ಮಕ್ಕಳಿಗೆ ಎಂಥಾ ರಾಹುಕಾಲ್ರೀ? ಇಂಥೋರ ಮನೆಗೆ ಹೆಣ್ಣು ಕೊಡಲ್ಲ!"

ಅವರೂ ಎದ್ದು ಚಪ್ಪಲಿ ಹುಡುಕತೊಡಗಿದರು. ಒಳಗೆ ಮಗಳು ಬಿಕ್ಕಿದ್ದು ಕೇಳಿಸಿತು.

"ಮೊದಲು ವಿವೇಕ ಕೇಳೋಣ. ಎಲ್ಲರೂ ಕಣ್ಮುಚ್ಚಿ," ಎಂದರು ಉಪದೇಶಿಗಳು.

ಪ್ರಾರ್ಥನೆಯ ನಡುವೆ ಯಾರು ತಾನೆ ಹೊರಡುತ್ತಾರೆ? ಆದಾಮನಿಂದ ಹೊರಟು, ನೋಹನ ನಾವೆ ಹತ್ತಿ, ಸೊಲೊಮೋನನ ದರ್ಬಾರು ದಾಟಿ, ಗಂಡಿನವರ ಗಬ್ಬದ ಎಮ್ಮೆಯವರೆಗೂ ಬಂದರು. ನಾನು ಕಳ್ಳನ ಹಾಗೆ ಒಂದು ಕಣ್ಣು ತೆರೆದೆ. ಉಪದೇಶಿಗಳದ್ದೂ ಒಂದು ಕಣ್ಣು ತೆರೆದಿತ್ತು, ಗೋಡೆ ಗಡಿಯಾರದ ಕಡೆಗೆ. ಒಂದೂವರೆ ಹೊಡೆಯಿತು. "ಆಮೆನ್" ಅಂದರು.

ಬೀಗರು ಗಡಿಯಾರ ನೋಡಿ ತಟ್ಟೆ ತೆಗೆದುಕೊಂಡರು. ಭಾವಮೈದ ಮೀಸೆ ತಿರುವಿದ: "ನೋಡಿದ್ರಾ ಭಾವ, ಪ್ರಾರ್ಥನೆ ಶಕ್ತೀನಾ?"

ನಾನು ಹೆದರಿದ್ದು ಒಂದೂ ಆಗಲಿಲ್ಲ. ಹೆದರದೇ ಇದ್ದದ್ದು ಒಂದಾಯಿತು. ಅಕ್ಕಿ ಸಿಗದ ದಿನಗಳೆಂದು ಮಾಡಿಸಿದ್ದ ರಾಗಿಮುದ್ದೆ ಅಷ್ಟರಲ್ಲಿ ತಣ್ಣಗಾಗಿ, ಬೀಗರ ಬೆರಳಿಗೆ ಮಣಿಯಲೇ ಇಲ್ಲ.